ಆರು ಗಂಟೆಯ ದೋಣಿ

ನನ್ನ ಗಂಡನ ಮಣ್ಣಿಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿಹೋಯಿತು.

ನಾನು ಒಲೆಯ ಮುಂದೆಯೇ ನಿಂತಿದ್ದೆ. ಆರು ವರ್ಷದಿಂದ ಹಾಲಿಗಾಗಿ ಗಡಿಯಾರ ನೋಡಿದವಳಲ್ಲ. ನಮ್ಮ ಅಡುಗೆಮನೆಯ ಕಿಟಕಿ ನೀರಿನ ಕಡೆಗಿದೆ. ಕೆಳಗೆ ಹದಿನೆಂಟು ಮೆಟ್ಟಿಲು, ಅದಾದ ಮೇಲೆ ದೋಣಿಗಳು ನಿಲ್ಲುವ ಧಕ್ಕೆ. ಅಲ್ಲಿ ನನ್ನ ಗಂಡನ ದೋಣಿಯ ಮೋಟಾರು ಹತ್ತಿಕೊಂಡ ಸದ್ದು ಬಂದಾಗ ಹಾಲಿಡುತ್ತಿದ್ದೆ. ಮೋಟಾರು ಬಿಸಿಯಾಗಿ ಅವರು ಗೇರು ಹಾಕಿದ ಸದ್ದು ಕೇಳುವಷ್ಟರಲ್ಲಿ ಹಾಲು ಅಂಚಿಗೆ ಬಂದಿರುತ್ತಿತ್ತು. ಆವತ್ತು ಯಾವ ಸದ್ದೂ ಇರಲಿಲ್ಲ.

"ಕಣ್ಣೆದುರಿಗೇ ಉಕ್ಕಿಸಿಬಿಟ್ಯಲ್ಲೇ," ಎಂದರು ಅತ್ತೆ. ಬಟ್ಟೆ ತಂದು ತಾವೇ ಒರೆಸಿದರು. ಒರೆಸುತ್ತಾ ಒಮ್ಮೆ ಕಿಟಕಿಯ ಕಡೆ ನೋಡಿದರು. ಆಮೇಲೆ ಬಯ್ಯಲಿಲ್ಲ.

ಮಾವ ಹಾಲಿಲ್ಲದ ಚಹಾ ಕುಡಿದರು. ನಾದಿನಿ ನಿಂತುಕೊಂಡೇ ಬ್ರೆಡ್ಡು ತಿಂದು ಔಷಧಿ ಅಂಗಡಿಯ ಕೆಲಸಕ್ಕೆ ಹೊರಟಳು.

"ಅತ್ತಿಗೆ, ಸಂಜೆ ಆಲೂಗಡ್ಡೆ ತರ್ತೀನಿ. ಬಂದವರು ಒಂದು ಗಡ್ಡೆನೂ ಉಳಿಸಿಲ್ಲ."

"ಅಳೋಕೆ ಬಂದವರ ತುತ್ತು ಎಣಿಸ್ತಾರೇನೇ?" ಎಂದರು ಅತ್ತೆ.

"ತುತ್ತು ಎಣಿಸ್ಲಿಲ್ಲಮ್ಮ. ಗಡ್ಡೆ ಎಣಿಸ್ದೆ."

ಹತ್ತು ಗಂಟೆಗೆ ಧಕ್ಕೆಯ ಗುಮಾಸ್ತ ಬಂದ. ಕುರ್ಚಿಯ ಅಂಚಿನಲ್ಲಿ ಕೂತು, ಟೋಪಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡ.

"ಈ ಹೊತ್ತಲ್ಲಿ ಹೇಳಬಾರದು ಯಜಮಾನ್ರೇ, ಹೇಳದೆ ಇರೋಕೂ ಆಗಲ್ಲ. ಆರು ಗಂಟೆ ಟ್ರಿಪ್ಪು ಒಂದನೇ ತಾರೀಖಿನವರೆಗೆ ನಿಮ್ಮ ಹೆಸರಲ್ಲೇ ಇರುತ್ತೆ. ಅಲ್ಲಿವರೆಗೂ ಮೀಸೆ ನೋಡ್ಕೋತಾನೆ. ಒಂದನೇ ತಾರೀಖು ಬೆಳಿಗ್ಗೆ ಆರಕ್ಕೆ ನಿಮ್ಮ ದೋಣಿ ಹೊರಟರೆ ಸರಿ. ಇಲ್ಲಾಂದ್ರೆ ಟ್ರಿಪ್ಪು ಅವನದ್ದೇ."

ಮೀಸೆ ಎಂದರೆ ಧಕ್ಕೆಯ ಇನ್ನೊಬ್ಬ ದೋಣಿಯವನು. ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಹೆಸರು ಮಾತ್ರ ಮುಖದ ಮೇಲೆ ಹಾಗೇ ಉಳಿದಿತ್ತು.

ಆರು ಗಂಟೆಯದು ದಿನದ ಮೊದಲ ದೋಣಿ. ಆಚೆ ದಡದ ಆಸ್ಪತ್ರೆಗೆ ಹೋಗುವ ದಾದಿಯರು, ಇಲ್ಲಿನ ಬೇಕರಿಯ ಬಿಸಿ ಬ್ರೆಡ್ಡಿನ ತಟ್ಟೆಗಳು ಅದರಲ್ಲಿ ಹೋಗುತ್ತವೆ. ಇಪ್ಪತ್ತಾರು ವರ್ಷದ ಹಿಂದೆ, ಚಳಿಯಲ್ಲಿ ಏಳಕ್ಕೆ ಮುಂಚೆ ಯಾರೂ ನೀರಿಗಿಳಿಯದ ಕಾಲದಲ್ಲಿ, ಮಾವ ಅದನ್ನು ಶುರುಮಾಡಿದ್ದರು. ಈಗಿರುವುದೂ ಅದೇ ಮೋಟಾರು. ಬೀದಿಯವರು ನಮ್ಮನ್ನು ಕರೆಯುವುದೇ 'ಆರು ಗಂಟೆಯವರು' ಎಂದು.

ಗುಮಾಸ್ತ ಹೋದ ಮೇಲೆ ಮಾವ, "ಕೊಟ್ಟುಬಿಡೋಣ," ಎಂದರು. "ಮೋಟಾರನ್ನೂ ಅವನಿಗೇ ಮಾರೋಣ."

"ಮಾರಿ," ಎಂದರು ಅತ್ತೆ. "ಆಮೇಲೆ ಬೀದೀಲಿ ನಮ್ಮನ್ನ ಏನಂತ ಕರೀತಾರೆ? ಎಂಟು ಗಂಟೆಯವರು ಅಂತಾನಾ?"

ಆ ಮಾತು ಮಾವನಿಗೆ ತಾಗಿತು. ಮರುದಿನ ಐದೂವರೆಗೆ ಸ್ವೆಟರು ಹಾಕಿಕೊಂಡು ತಾವೇ ಇಳಿದುಹೋದರು. ಅವರ ಬಲಭುಜ ಕೈಕೊಟ್ಟೇ ಏಳು ವರ್ಷ. ಕಿಟಕಿಯಿಂದ ನಮಗೆ ಕೇಳಿಸಿತು: ಮೋಟಾರು ಹತ್ತಿಸುವ ಹಗ್ಗದ ಜೋರಾದ ಒಂದು ಎಳೆತ, ಇನ್ನೊಂದು, ಮತ್ತೊಂದು. ಹದಿನಾಲ್ಕರವರೆಗೆ ಎಣಿಸಿದೆ. ಮೇಲೆ ಬಂದಾಗ ಅವರ ಮೈಯೆಲ್ಲ ಪೆಟ್ರೋಲಿನ ವಾಸನೆ. ಚಮಚ ಎತ್ತಲೂ ಕೈ ಬರುತ್ತಿರಲಿಲ್ಲ.

ಮೂರನೆಯ ದಿನ ಮೆಕ್ಯಾನಿಕ್ ಮಧ್ಯಾಹ್ನ ಹನ್ನೆರಡಕ್ಕೆ ಬಂದ. ಬಿಸಿಲಲ್ಲಿ ನಿಂತಿದ್ದ ಮೋಟಾರು ಎರಡೇ ಎಳೆತಕ್ಕೆ ಹತ್ತಿಕೊಂಡಿತು. "ಇದಕ್ಕೇನಾಗಿದೆ? ಗುಂಡುಕಲ್ಲಿನ ಹಾಗಿದೆ," ಎಂದ. ಮಾವ ಅವನನ್ನು ಮರುದಿನ ಬೆಳಿಗ್ಗೆ ಐದೂವರೆಗೆ ಮತ್ತೆ ಕರೆಸಿದರು. ಅರ್ಧ ಗಂಟೆ ಎಳೆದ. ಹಬೆ ಬಂದದ್ದು ಅವನ ಬಾಯಿಂದ ಮಾತ್ರ.

"ಹಳೇ ಮೋಟಾರು ಯಜಮಾನ್ರೇ. ತಣ್ಣಗಿದ್ದಾಗ ಒಂದೊಂದಕ್ಕೆ ಒಂದೊಂದು ಹಠ. ಇದರ ಹಠ ನಿಮ್ಮ ಮಗನಿಗೆ ಗೊತ್ತಿತ್ತು. ಬಿಸಿಲು ಬಂದ ಮೇಲೆ ಹೊರಡಿ."

"ಬಿಸಿಲು ಬಂದ ಮೇಲೆ ಹೊರಡೋಕೆ ನಾವೇನು ಹಲ್ಲಿಗಳಾ?" ಎಂದರು ಮಾವ.

ಆವತ್ತು ರಾತ್ರಿ ಊಟದಲ್ಲಿ ಅನ್ನ, ಹುರಿದ ಮೀನು. ಯಾರೂ ಸರಿಯಾಗಿ ತಿನ್ನುತ್ತಿರಲಿಲ್ಲ. ನಾನು, "ನನಗೆ ಗೊತ್ತು," ಎಂದೆ.

"ಏನು ಗೊತ್ತು?" ಎಂದರು ಮಾವ.

"ಅದನ್ನ ಸ್ಟಾರ್ಟ್ ಮಾಡೋದು."

"ಯಾವತ್ತು ಮಾಡಿದ್ದೆ ನೀನು?"

"ಮಾಡಿಲ್ಲ. ಕೇಳಿಸಿಕೊಂಡಿದ್ದೀನಿ."

ಭಾನುವಾರಗಳಲ್ಲಿ ನನ್ನ ಗಂಡ ನನ್ನ ಕೈಗೆ ದೋಣಿ ಕೊಡುತ್ತಿದ್ದರು. ತಿರುಗಿಸುವುದು, ಧಕ್ಕೆಗೆ ತಾಗಿಸುವುದು, ಗೇರು ಎಲ್ಲವೂ ಬರುತ್ತಿತ್ತು. ಹಗ್ಗ ಎಳೆಯುವುದು ಮಾತ್ರ ಅವರ ಕೆಲಸ. ಆದರೆ ಅದನ್ನು ಆರು ವರ್ಷ ಪ್ರತಿ ಬೆಳಿಗ್ಗೆ ಕೇಳಿದ್ದೆ. ಹೇಳಿದೆ: ಮೊದಲು ಪೆಟ್ರೋಲು ಟ್ಯಾಂಕನ್ನು ಹಲಗೆಯ ಮೇಲಿಟ್ಟ ಸದ್ದು. ಆಮೇಲೆ ಕೊಳವೆಯ ನಡುವಿನ ರಬ್ಬರ್ ಉಂಡೆಯನ್ನು ಹಿಸುಕುವುದು, ಒಂಬತ್ತು ಸಲ. ಒಂಬತ್ತನೆಯದು ಸದ್ದೇ ಬರದಷ್ಟು ಗಟ್ಟಿ. ಗಾಳಿ ತಡೆಯುವ ಚೋಕಿನ ಗುಂಡಿಯನ್ನು ಹೊರಗೆ ಎಳೆದ ಸದ್ದು. ಹಗ್ಗ ಎರಡು ಸಲ ನಿಧಾನ. ಸ್ವಲ್ಪ ಬಿಟ್ಟು, ಒಂದು ಸಲ ಜೋರು. ಅದು ಕೆಮ್ಮಿ ಸಾಯುತ್ತದೆ. ಚೋಕು ಅರ್ಧ ಒಳಗೆ. ಮತ್ತೆ ಜೋರು.

ಮಾವ ತಟ್ಟೆಯಿಂದ ಕೈ ತೆಗೆದಿದ್ದರು. "ನಿಧಾನಾನಾ? ನಾನು ಮೊದಲ್ನೇದೇ ಜೋರಾಗಿ ಎಳೀತಿದ್ದೆ. ಕೆಮ್ಮಿದ ಮೇಲೂ ಚೋಕು ಹಾಗೇ ಬಿಡ್ತಿದ್ದೆ. ನನ್ನ ಕಾಲದಲ್ಲಿ ಅದು ಅಷ್ಟು ಲಾಲಿ ಕೇಳ್ತಿರಲಿಲ್ಲ."

"ನಿಮ್ಮ ಕಾಲದಲ್ಲಿ ಅದಕ್ಕೂ ವಯಸ್ಸಿತ್ತು," ಎಂದಳು ನಾದಿನಿ.

ಅತ್ತೆ ನನ್ನನ್ನೇ ನೋಡಿದರು. "ಹಗ್ಗ ಎಳೆಯೋಕಾ ನಿಮ್ಮಪ್ಪ ನಿನ್ನ ಎಂ.ಎ. ಓದಿಸಿದ್ದು? ನೋಡಿದವರು ಏನಂತಾರೆ? ಮಗ ಹೋದ, ಸೊಸೇನ ನೀರಿಗೆ ತಳ್ಳಿದ್ರು ಅಂತಾರೆ."

"ಆಡೋ ಬಾಯಿಗೆ ಬೀಗ ಇಲ್ಲಮ್ಮ," ಎಂದಳು ನಾದಿನಿ. "ಆರು ವರ್ಷ ಕೂತು ಕೇಳಿದ್ದಾಳೆ. ಎಂ.ಎ.ಗೂ ಎರಡೇ ವರ್ಷ ಕೇಳಿದ್ದು."

ಮರುದಿನ ಐದೂವರೆಗೆ ನಾವು ಮೂವರು ಇಳಿದೆವು. ನಾದಿನಿ ಟಾರ್ಚು ಹಿಡಿದಳು. ಮಾವ ಧಕ್ಕೆಯ ಕಂಬಕ್ಕೆ ಒರಗಿ ನಿಂತರು. ಹಗ್ಗ ಚಳಿಗೆ ಕಟ್ಟಿಗೆಯಾಗಿತ್ತು. ಮೊದಲ ಜೋರಿನ ಎಳೆತಕ್ಕೆ ಅದು ಹಿಂದಕ್ಕೆ ಎಳೆದುಕೊಂಡು ನನ್ನ ಅಂಗೈ ಸುಲಿಯಿತು.

"ಸುಮ್ಮನೆ ಕೀಳಬೇಡ," ಎಂದರು ಮಾವ. "ನಿಧಾನ ಎಳಿತಾ ಹೋಗು, ಒಂದು ಕಡೆ ಬಿಗಿಯುತ್ತೆ. ಆ ಬಿಗಿ ಸಿಕ್ಕ ಮೇಲೆ ಜೋರು."

ಎರಡನೆಯ ದಿನ ಪೆಟ್ರೋಲು ಹೆಚ್ಚಾಯಿತು. ವಾಸನೆ ನನಗೂ ಗೊತ್ತಾಯಿತು. "ಕುಡಿದುಬಿಟ್ಟಿದೆ. ಚೋಕು ಪೂರ್ತಿ ಒಳಗೆ ತಳ್ಳು, ವೇಗದ ಹಿಡಿ ಪೂರ್ತಿ ತಿರುಗಿಸು, ಹತ್ತು ಸಲ ಬರೀ ಎಳಿ. ಕಕ್ಕಲಿ," ಎಂದರು. ಪ್ಲಗ್ಗು ಬಿಚ್ಚಿ ಒರೆಸಿ ಹಾಕುವುದನ್ನೂ ಆವತ್ತೇ ಕಲಿತೆ. ಮೂರನೆಯ ದಿನ ಅದು ಕೆಮ್ಮಿತು. ನಾದಿನಿ ಟಾರ್ಚು ಬೀಳಿಸಿದಳು.

ನಾಲ್ಕನೆಯ ದಿನ ಹತ್ತಿಕೊಂಡಿತು.

"ನೀರು! ನೀರು ನೋಡು!" ಎಂದು ಕೂಗಿದರು ಮಾವ. ಮೋಟಾರಿನ ಹಿಂಬದಿಯ ಸಣ್ಣ ತೂತಿನಿಂದ ದಾರದಷ್ಟು ತೆಳ್ಳಗೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಒಳಗೆ ಸುಡುತ್ತಿದೆ ಎಂದರ್ಥ. ಚಿಮ್ಮುತ್ತಿತ್ತು. ಎಷ್ಟು ಹೊತ್ತು ಬಿಸಿಯಾಗಲು ಬಿಡಬೇಕು ಎಂದು ಮಾವ ಕೇಳಿದರು. ಹಾಲು ಉಕ್ಕುವಷ್ಟು ಹೊತ್ತು ಎಂದೆ. ಅವರು ತಲೆಯೆತ್ತಿ ಕಿಟಕಿಯ ಕಡೆ ನೋಡಿದರು.

ನಾವು ಹೇಳಿರಲಿಲ್ಲ, ಅತ್ತೆ ಒಪ್ಪಿರಲೂ ಇಲ್ಲ. ಆದರೂ ಸ್ವಲ್ಪ ಹೊತ್ತಿಗೆ ಮೇಲಿನಿಂದ ಕೂಗು ಬಂತು: "ಉಕ್ಕಿತು!"

ನಾನು ಮೋಟಾರು ನಿಲ್ಲಿಸಿದೆ. ಮುಂದಿನ ಹತ್ತು ಬೆಳಿಗ್ಗೆಯೂ ಹಾಗೆಯೇ ಮಾಡಿದೆವು. ದೋಣಿಯನ್ನು ಧಕ್ಕೆಗೆ ಕಟ್ಟಿಯೇ ಮೋಟಾರು ಹತ್ತಿಸುವುದು, ಅತ್ತೆಯ ಕೂಗು ಬಂದೊಡನೆ ನಿಲ್ಲಿಸುವುದು. ಪೆಟ್ರೋಲು ಉಳಿಯಲಿ ಎಂದು. ಸಂಜೆ ಟ್ಯಾಂಕನ್ನು ಎಂದಿನಂತೆ ಮನೆಗೆ ತಂದು ಅಡುಗೆಮನೆಯ ಮೂಲೆಯಲ್ಲಿಡುತ್ತಿದ್ದೆವು; ಧಕ್ಕೆಯಲ್ಲಿ ಬಿಟ್ಟರೆ ಕದಿಯುತ್ತಾರೆ.

ತಿಂಗಳು ಮುಗಿಯಲು ನಾಲ್ಕು ದಿನವಿರುವಾಗ ಗುಮಾಸ್ತನಿಗೆ ಹೇಳಿ ಒಂದು ಟ್ರಿಪ್ಪು ಕೇಳಿದೆ. ಮೂವರು ದಾದಿಯರು, ಆರು ತಟ್ಟೆ ಬ್ರೆಡ್ಡು. ಮೋಟಾರು ಎರಡನೆಯ ಜೋರಿಗೇ ಹತ್ತಿಕೊಂಡಿತು. ಅತ್ತೆ ಕೂಗಿದರು. ಗೇರು ಹಾಕಿದೆ. ಮಾವ ಧಕ್ಕೆಯ ಮೇಲೆ ಕೈ ಹಿಂದೆ ಕಟ್ಟಿಕೊಂಡು, ಯಾವುದೋ ಸಾಮಾನ್ಯ ದಿನ ಎನ್ನುವಂತೆ ನಿಂತಿದ್ದರು.

ನಡುನೀರಿಗೆ ಬಂದಾಗ ಮೋಟಾರಿನ ಸದ್ದು ಸಣ್ಣಗಾಯಿತು. ಎರಡು ಸಲ ಬಿಕ್ಕಿ ನಿಂತಿತು. ಹಗ್ಗ ಎಳೆದೆ. ಹತ್ತಲಿಲ್ಲ. ಮತ್ತೆ ಎಳೆದೆ.

"ರಾತ್ರಿ ಪಾಳಿಯವಳು ನಾನು ಬರಲಿಲ್ಲ ಅಂತ ಅಲ್ಲಿ ನನಗೆ ಶಾಪ ಹಾಕ್ತಿರ್ತಾಳೆ," ಎಂದಳು ದೊಡ್ಡ ದಾದಿ. ಇನ್ನೊಬ್ಬಳು ಬ್ರೆಡ್ಡಿನ ಮೇಲಿನ ಬಟ್ಟೆಯನ್ನು ಸರಿಮಾಡುತ್ತಾ, "ಸುಮ್ನಿರಕ್ಕಾ, ಪಾಪ," ಎಂದಳು. ಆ 'ಪಾಪ' ನನಗೆ ಶಾಪಕ್ಕಿಂತ ಹೆಚ್ಚು ನೋಯಿಸಿತು.

ಮೀಸೆ ತನ್ನ ದೋಣಿಯಲ್ಲಿ ಬಂದು ಹಗ್ಗ ಎಸೆದ. "ಹಿಡ್ಕೋ ತಂಗಿ." ಅವರನ್ನೆಲ್ಲ ಆಚೆ ದಡಕ್ಕೆ ಮುಟ್ಟಿಸಿ, ನನ್ನನ್ನು ಎಳೆದುಕೊಂಡು ವಾಪಸು ತಂದ. ಧಕ್ಕೆಯಲ್ಲಿ ನಮ್ಮ ಮೋಟಾರನ್ನು ಮೇಲಕ್ಕೆತ್ತಿ, ದೋಣಿಯನ್ನು ತಳ್ಳುವ ನೀರಿನಡಿಯ ಫ್ಯಾನನ್ನು ಬೆರಳಿಂದ ತಿರುಗಿಸಿ ನೋಡಿದ.

"ಫ್ಯಾನಿಗೇನೂ ಆಗಿಲ್ಲ ಸದ್ಯ."

"ಅದನ್ನ ಯಾಕೆ ನೋಡ್ತೀರಿ ಅಣ್ಣ?" ಎಂದೆ.

"ಇದು ನಂದು. ನಿನ್ನ ಗಂಡನದ್ದು ಕಲ್ಲಿಗೆ ಬಡಿದು ಡೊಂಕಾಗಿತ್ತಲ್ಲ, ಅವನಿಗೆ ಆ ಜ್ವರ ಬರೋಕೆ ಒಂದು ವಾರ ಮುಂಚೆ. ವೆಲ್ಡಿಂಗ್‌ನವನ ಹತ್ರ ಕೊಟ್ಟಿದ್ದೀನಿ, ಅಲ್ಲಿವರೆಗೆ ಕೊಡು ಅಂತ ತಗೊಂಡ."

ಮಾವನಿಗೆ ಅದು ಗೊತ್ತಿರಲಿಲ್ಲ. ಅವರ ಮುಖ ಕೆಂಪಾಯಿತು. ಮಧ್ಯಾಹ್ನ ನಾದಿನಿ ಊಟಕ್ಕೆ ಬಂದಾಗ ಜಗಳ ನಡೆಯುತ್ತಿತ್ತು.

"ಬೇರೆಯವನ ಫ್ಯಾನು, ಬೇರೆಯವನ ಹಗ್ಗ! ಇಷ್ಟು ಸಾಕು. ನಾಳೆನೇ ಮಾರ್ತೀನಿ," ಎನ್ನುತ್ತಿದ್ದರು ಮಾವ.

"ನಾನು ಮೊದಲೇ ಹೇಳಿದ್ದೆ, ಬೇಡ ಅಂತ," ಎಂದರು ಅತ್ತೆ.

"ಬೇಡ ಅಂದವಳು ಕಿಟಕೀಲಿ ನಿಂತು ಕೂಗ್ತಿದ್ದೆ ಯಾಕೆ?"

"ಹಾಲು ಉಕ್ಕಿದ್ರೆ ಕೂಗಬಾರದಾ?"

ನಾನು ಟ್ಯಾಂಕನ್ನು ತಂದು ಮೂಲೆಯಲ್ಲಿಟ್ಟೆ. ಆಗಲೇ ನೋಡಿದ್ದು, ಕೊಳವೆಯ ರಬ್ಬರ್ ಉಂಡೆ ಹೀರಿ ಬಿಸಾಡಿದ ಮಾವಿನ ಸಿಪ್ಪೆಯ ಹಾಗೆ ಒಳಕ್ಕೆ ಸೊರಗಿತ್ತು. ಅದನ್ನು ನೋಡುತ್ತಿದ್ದಾಗ ಅತ್ತೆ ಜಗಳವಾಡುತ್ತಲೇ ಬಗ್ಗಿ, ಟ್ಯಾಂಕಿನ ಮುಚ್ಚಳದ ಮೇಲಿದ್ದ ಸಣ್ಣ ತಿರುಪನ್ನು ಎರಡು ಬೆರಳಲ್ಲಿ ಬಿಗಿಯಾಗಿದೆಯೇ ಎಂದು ನೋಡಿದರು.

"ಅತ್ತೆ, ಏನು ಮಾಡಿದ್ರಿ?"

"ಏನಿಲ್ಲ. ಬಿಗಿ ಇದೆಯಾ ನೋಡ್ದೆ. ಇಲ್ಲಾಂದ್ರೆ ಅನ್ನಕ್ಕೆಲ್ಲ ಪೆಟ್ರೋಲ್ ವಾಸನೆ."

ನಾನು ಆ ತಿರುಪನ್ನು ಸಡಿಲಿಸಿದೆ. ಉಸ್ಸೆಂದು ಗಾಳಿ ಒಳಗೆ ಹೋಯಿತು. ರಬ್ಬರ್ ಉಂಡೆ ನಮ್ಮ ನಾಲ್ವರ ಕಣ್ಣೆದುರೇ ಕಪ್ಪೆಯ ಗಂಟಲಿನಂತೆ ಮೆಲ್ಲಗೆ ಉಬ್ಬಿತು.

ಮುಚ್ಚಿದ ಟ್ಯಾಂಕಿಗೆ ಗಾಳಿಯಿಲ್ಲ, ಗಾಳಿಯಿಲ್ಲದೆ ಪೆಟ್ರೋಲು ಹರಿಯದು. ಮೂರು ನಿಮಿಷ ನಡೆಯುತ್ತದೆ, ನಡುನೀರಿನವರೆಗೂ ನಡೆಯುತ್ತದೆ, ಅಷ್ಟೆ. ನನ್ನ ಗಂಡ ಪ್ರತಿ ಬೆಳಿಗ್ಗೆ ದೋಣಿಯಲ್ಲಿ ಈ ತಿರುಪನ್ನು ತೆರೆದಿರಬೇಕು. ಹಾಗೆ ತೆರೆದದ್ದಕ್ಕೆ ಸದ್ದಿಲ್ಲ. ನಾನು ಕಲಿತದ್ದು ಸದ್ದುಗಳನ್ನು ಮಾತ್ರ.

"ನನ್ನ ಕಾಲದ ಹಳೇ ಟ್ಯಾಂಕು ದೋಣಿಯಲ್ಲೇ ಇರ್ತಿತ್ತು," ಎಂದರು ಮಾವ. "ತಿರುಪು ತೆರೆದೇ ತುಕ್ಕು ಹಿಡಿದಿತ್ತು. ಮುಚ್ಚೋದೇ ನನಗೆ ಗೊತ್ತಿಲ್ಲ."

"ಮುಚ್ಚಿಸಿದ್ದು ನಾನು," ಎಂದರು ಅತ್ತೆ. ಅವರ ದನಿ ಇಳಿದಿತ್ತು. "ಮಗ ಟ್ಯಾಂಕು ಮನೆಗೆ ತರೋಕೆ ಶುರುಮಾಡಿದಾಗ ವಾಸನೆಗೆ ದಿನಾ ಜಗಳ. ಕೊನೆಗೆ ಮುಚ್ಚೋದು ರೂಢಿ ಮಾಡಿಸ್ದೆ. ಅವನು ಹೋದ ಮೇಲೆ ನೀವ್ಯಾರೂ ಮುಚ್ಚಲ್ಲ ಅಂತ ದಿನಾ ಸಂಜೆ ನಾನೇ ಬಿಗಿ ಮಾಡ್ತಿದ್ದೆ. ಅವನಿಗಿಂತ ಗಟ್ಟಿಯಾಗಿ."

"ಅಮ್ಮಾ," ಎಂದಳು ನಾದಿನಿ, "ಊರೆಲ್ಲ ಹುಡುಕಿ ಮೆಕ್ಯಾನಿಕ್ ಕರೆಸಿದ್ವಿ. ಕಳ್ಳಿ ಮನೇಲೇ ಇದ್ದಳು!"

ನಕ್ಕುಬಿಟ್ಟಳು. ಆ ಮನೆಯಲ್ಲಿ ಮೂರು ವಾರದಲ್ಲಿ ಅದು ಮೊದಲ ನಗು. ಮಾವ ಗದರಲು ಬಾಯಿ ತೆರೆದವರು ತಾವೂ ನಕ್ಕರು. ಅತ್ತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಅವರು ನಗುತ್ತಿದ್ದರೋ ಇಲ್ಲವೋ ನಾನು ನೋಡಲಿಲ್ಲ. ಹೊರಗೆ ಬಂದಾಗ ನನ್ನ ತಟ್ಟೆಗೆ ಎರಡು ತುಂಡು ಮೀನು ಹಾಕಿದರು.

ಫ್ಯಾನಿನ ಮಾತು ಉಳಿದಿತ್ತು. ವೆಲ್ಡಿಂಗ್‌ನವನು ಮೂರನೇ ತಾರೀಖಿಗೆ ಮುಂಚೆ ಆಗದು ಎಂದಿದ್ದ. ಸಂಜೆ ಮೀಸೆಯ ಮನೆಗೆ ಹೋದೆ. ಅವನು ಜಗುಲಿಯಲ್ಲಿ ಕೂತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದ.

"ಅಣ್ಣ, ನಿಮ್ಮ ಫ್ಯಾನು ಇನ್ನೊಂದು ವಾರ ಇರಲಿ ಅಂತ ಕೇಳೋಕೆ ಬಂದೆ. ಒಂದನೇ ತಾರೀಖು ದೋಣಿ ಬಿಡ್ತೀನಿ."

ಅವನು ಬೂಟನ್ನು ಕೆಳಗಿಟ್ಟ. "ನನ್ನ ಫ್ಯಾನು ಹಾಕ್ಕೊಂಡು, ನನಗೆ ಬರೋ ಟ್ರಿಪ್ಪು ತಪ್ಪಿಸ್ತೀಯಾ?"

"ಹೌದು."

ಒಳಗಿನಿಂದ ಅವನ ಹೆಂಡತಿ, "ಚೆನ್ನಾಗಿದೆ ಕಣ್ರೀ ಇದು!" ಎಂದಳು. ಮೀಸೆ ಖಾಲಿ ಮೇಲ್ದುಟಿಯನ್ನು ಸವರಿಕೊಂಡ. ಮೀಸೆ ಹೋದರೂ ಆ ಅಭ್ಯಾಸ ಹೋಗಿರಲಿಲ್ಲ.

"ಸುಳ್ಳು ಹೇಳಿದ್ರೆ ಈಗಲೇ ಬಿಚ್ಕೊಂಡು ಬರ್ತಿದ್ದೆ. ಇರಲಿ. ಆದರೆ ಕೇಳು. ಒಂದನೇ ತಾರೀಖು ನಾನು ಸ್ಪ್ಯಾನರ್ ಹಿಡ್ಕೊಂಡೇ ಧಕ್ಕೇಲಿ ನಿಂತಿರ್ತೀನಿ. ಆರಕ್ಕೆ ನೀನು ಹೊರಡಲಿಲ್ವೋ, ಆರು ಐದಕ್ಕೆ ಫ್ಯಾನು ನನ್ನ ಕೈಯಲ್ಲಿರಬೇಕು."

ಹೇಳಿದಂತೆ ನಿಂತಿದ್ದ. ಒಂದನೇ ತಾರೀಖಿನ ಬೆಳಿಗ್ಗೆ ಮಂಜು ಮೆಟ್ಟಿಲ ತನಕ ಬಂದಿತ್ತು. ಗುಮಾಸ್ತ ಟೋಪಿಯನ್ನು ಕಿವಿಯ ತನಕ ಎಳೆದುಕೊಂಡಿದ್ದ. ಮೀಸೆಯ ಕೈಯಲ್ಲಿ ಸ್ಪ್ಯಾನರು. ದೊಡ್ಡ ದಾದಿ ಹತ್ತುವ ಮೊದಲೇ, "ಇವತ್ತು ಈಜಬೇಕಾ ಹೇಗೆ?" ಎಂದಳು.

"ಇವತ್ತು ಬೇಡ," ಎಂದೆ.

ಟ್ಯಾಂಕಿಟ್ಟೆ. ಮೊದಲು ತಿರುಪು ತೆರೆದೆ. ಉಂಡೆ ಹಿಸುಕಿದೆ, ಗಟ್ಟಿಯಾಗುವವರೆಗೆ. ಚೋಕು. ನಿಧಾನ, ನಿಧಾನ. ಬಿಗಿ ಸಿಕ್ಕಿತು. ಜೋರು. ಕೆಮ್ಮಿತು. ಚೋಕು ಅರ್ಧಕ್ಕೆ ತಳ್ಳಿದೆ. ಜೋರು. ಹತ್ತಲಿಲ್ಲ. ಧಕ್ಕೆಯ ಮೇಲೆ ಯಾರೋ ಕಾಲು ಬದಲಿಸಿದರು. ಮತ್ತೆ ಬಿಗಿ ಹುಡುಕಿ, ಜೋರು. ಹತ್ತಿಕೊಂಡಿತು. ಹಿಂಬದಿಯಲ್ಲಿ ನೀರಿನ ದಾರ ಚಿಮ್ಮಿತು.

"ಹೊರಡಮ್ಮಾ, ಇನ್ನೆರಡು ನಿಮಿಷ ಇದೆ," ಎಂದ ಗುಮಾಸ್ತ.

"ಇನ್ನೂ ಬಿಸಿಯಾಗಿಲ್ಲ."

"ಗಡಿಯಾರ ನಿನಗೋಸ್ಕರ ನಿಲ್ಲಲ್ಲ."

ತಣ್ಣಗಿರುವಾಗ ಗೇರು ಹಾಕಿದರೆ ಅದು ಅಲ್ಲೇ ಸಾಯುತ್ತದೆ. ನಾನು ಹಿಡಿಯ ಮೇಲೆ ಕೈಯಿಟ್ಟು ಕೂತೆ. ಒಂದು ನಿಮಿಷ. ಮಾವ ಗುಮಾಸ್ತನನ್ನು ನೋಡಲಿಲ್ಲ, ಮೀಸೆಯನ್ನು ನೋಡಲಿಲ್ಲ. "ನಮ್ಮ ಸೊಸೆಗೆ ಗೊತ್ತು," ಎಂದು ನೀರಿಗೆ ಹೇಳುವಂತೆ ಹೇಳಿದರು. ಮೇಲಿನ ಕಿಟಕಿಯಿಂದ ಅತ್ತೆಯ ದನಿ ಇಡೀ ಧಕ್ಕೆಗೆ ಕೇಳಿಸಿತು. ಗೇರು ಹಾಕಿದೆ. ಗುಮಾಸ್ತ ಗಡಿಯಾರ ನೋಡಿಕೊಂಡು, "ಆರು," ಎಂದ. ಮೀಸೆ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಚಹಾ ಅಂಗಡಿಯ ಕಡೆ ನಡೆದ.

ನಡುನೀರಿನಲ್ಲಿ ದಾದಿಯರು ಮಾತು ನಿಲ್ಲಿಸಿದರು. ಮೋಟಾರಿನ ಸದ್ದು ಬದಲಾಗಲಿಲ್ಲ. ಆಚೆ ದಡ ಬಂದಾಗ ದೊಡ್ಡ ದಾದಿ ಇಳಿಯುತ್ತಾ ನನ್ನ ಅಂಗೈಯನ್ನು ತಿರುಗಿಸಿ ನೋಡಿದಳು. "ನಾಳೆ ಮುಲಾಮು ತರ್ತೀನಿ," ಎಂದಳು.

ಮೂರನೆಯ ತಾರೀಖು ನಮ್ಮ ಫ್ಯಾನು ವೆಲ್ಡಿಂಗ್‌ನವನಿಂದ ಬಂತು. ಬದಲಿಸುವುದನ್ನು ಮಾವ ಹೇಳಿಕೊಟ್ಟರು. ನಾನೇ ಬದಲಿಸಿದೆ. ಮೀಸೆಯದನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಬಟ್ಟೆಯಲ್ಲಿ ಸುತ್ತಿ ಅವನ ದೋಣಿಯ ಹತ್ತಿರ ಹೋದೆ. ಅವನು ಬಟ್ಟೆ ಬಿಚ್ಚಿ ಒಂದೊಂದು ರೆಕ್ಕೆಯ ಅಂಚನ್ನೂ ಹೆಬ್ಬೆರಳಿಂದ ಸವರಿದ.

"ನಾಲ್ಕು ದಿನಕ್ಕೆ ಅಂತ ತಗೊಂಡಿದ್ದ," ಎಂದ.

"ತಡವಾಯ್ತು ಅಣ್ಣ."

"ಹೂಂ." ಸ್ವಲ್ಪ ಹೊತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡಿದ್ದ.

ಅಷ್ಟರಲ್ಲಿ ಕೈಯಲ್ಲೊಂದು ಚೀಲ ಹಿಡಿದ ಮುದುಕಿ ಧಕ್ಕೆಗೆ ಬಂದು, "ಏನಪ್ಪಾ, ನಾಳೆ ಬೆಳಿಗ್ಗೆ ಆರಕ್ಕೆ ಆಚೆ ದಡಕ್ಕೆ ಬಿಡ್ತೀಯಾ? ಆಸ್ಪತ್ರೇಲಿ ಚೀಟಿ ಕೊಟ್ಟಿದ್ದಾರೆ," ಎಂದು ಅವನನ್ನು ಕೇಳಿದಳು.

ಮೀಸೆ ಕೈಯಲ್ಲಿದ್ದ ಫ್ಯಾನಿನಿಂದ ನನ್ನ ಕಡೆ ತೋರಿಸಿದ. "ನಾನು ಎಂಟಕ್ಕೆ ಅಜ್ಜಿ. ಆರು ಗಂಟೆಯವರು ಇವರು. ಇವರನ್ನ ಕೇಳಿ."

ಮುದುಕಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಐದು ಮುಕ್ಕಾಲಿಗೆ ಬಂದು ಕೂತಿರಿ ಅಜ್ಜಿ," ಎಂದೆ. "ಬೆಚ್ಚಗೆ ಹೊದ್ದುಕೊಂಡು ಬನ್ನಿ. ಬೆಳಿಗ್ಗೆ ನೀರಿನ ಮೇಲೆ ತುಂಬಾ ಚಳಿ ಇರುತ್ತೆ."